ತೊಡೆಯ ಸುತ್ತಳತೆಯನ್ನು ಎಷ್ಟು ನಂಬಬಹುದು?

ಮಂಡಿಯ ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಮುಂತೊಡೆಯ ಕ್ವಾಡ್ರಿಸೆಪ್ಸ್ ಸ್ನಾಯು ಸೊರಗುತ್ತದೆ. ಅದು ಮತ್ತೆ ತುಂಬಿಕೊಂಡಿತೇ ಎಂದು ತಿಳಿಯಲು ತೊಡೆಗೆ ಟೇಪು ಸುತ್ತಿ ಅಳೆಯುವುದು ಹಳೆಯ ರೂಢಿ.

ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಸೊರಗಿದ ಸ್ನಾಯುಗಳಿಗೆ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್ ಭಾರ ಎತ್ತುವ ವ್ಯಾಯಾಮವನ್ನು ರೂಪಿಸಿ 1945ರಲ್ಲಿ ಪ್ರಕಟಿಸಿದ. ಭಾರತದಲ್ಲಿ ಪೋಲಿಯೊ ಹಾವಳಿಯಿಂದಾಗಿ 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಫಿಸಿಯೋಥೆರಪಿ ಶಿಕ್ಷಣ ಮೊದಲಾಯಿತು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಚಿಕಿತ್ಸೆಯ ವಿಧಾನಗಳು ಬದಲಾದವು; ಟೇಪು ಮಾತ್ರ ಉಳಿದುಕೊಂಡಿತು. ಅಗ್ಗ, ಹಗುರ, ವಿದ್ಯುತ್ತು ಬೇಡ!

ಇನ್ನು ಲೆಕ್ಕಕ್ಕೆ ಬರೋಣ. ತೊಡೆಯ ಅಡ್ಡಕೊಯ್ತ ವೃತ್ತಾಕಾರವೆಂದು ಭಾವಿಸಿದರೆ ವಿಸ್ತೀರ್ಣವು ಸುತ್ತಳತೆಯ ವರ್ಗವನ್ನು 4πಯಿಂದ ಭಾಗಿಸಿದಷ್ಟು. ಸುತ್ತಳತೆ 50 ಸೆಂ.ಮೀ. ಇದ್ದರೆ ವಿಸ್ತೀರ್ಣ ಸುಮಾರು 199 ಚದರ ಸೆಂ.ಮೀ. ಇದರಲ್ಲಿ ಕ್ವಾಡ್ರಿಸೆಪ್ಸ್‌ನ ಪಾಲು 60 ಎನ್ನೋಣ. ಅದರ ಆರನೆಯ ಒಂದು ಭಾಗ, ಅಂದರೆ 10 ಚದರ ಸೆಂ.ಮೀ., ಕರಗಿದರೆ ಟೇಪು ತೋರಿಸುವ ಇಳಿಕೆ ಕೇವಲ 1.3 ಸೆಂ.ಮೀ. ಮೂಳೆ, ಕೊಬ್ಬು, ಹಿಂದೊಡೆಯ ಸ್ನಾಯು ಎಲ್ಲವನ್ನೂ ಟೇಪು ಒಟ್ಟಿಗೇ ಸುತ್ತುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಬಾವು ತೊಡೆಯವರೆಗೆ ಏರಿದ್ದರೆ ಈ ಇಳಿಕೆಯೂ ಮರೆಯಾಗಬಹುದು. ಇಂಗ್ಲೆಂಡಿನಲ್ಲಿ ಆರ್ಚಿ ಯಂಗ್ ಮತ್ತು ಸಂಗಡಿಗರು 1980ರಲ್ಲಿ ಶ್ರವಣಾತೀತ ಧ್ವನಿಯಿಂದ ಸ್ನಾಯುವನ್ನೇ ಅಳೆದಾಗ, ಅದರ ನಿಜವಾದ ನಷ್ಟವನ್ನು ಟೇಪು ತೀರ ಕಡಿಮೆಯಾಗಿ ತೋರಿಸುತ್ತದೆಂಬುದು ಕಂಡುಬಂತು.

ಅಳೆಯುವ ಕೈಯ ದೋಷ ಬೇರೆಯೇ ಇದೆ. ತೊಡೆ ಮೇಲಕ್ಕೆ ಹೋದಂತೆ ದಪ್ಪವಾಗುವುದರಿಂದ ಗುರುತು ಒಂದು ಸೆಂ.ಮೀ. ಸರಿದರೂ ಅಂಕಿ ಬದಲಾಗುತ್ತದೆ. ಟೇಪು 10 ಡಿಗ್ರಿ ಓರೆಯಾದರೆ ಸುಮಾರು 0.4 ಸೆಂ.ಮೀ. ಹೆಚ್ಚು ಬರುತ್ತದೆ. ಬಿಗಿತದ ಮಾತಂತೂ ಹೇಳಲೇಬೇಕಿಲ್ಲ. ಮಂಡಿಚಿಪ್ಪಿನ ಮೇಲಂಚಿನಿಂದ ದೂರ ಎಣಿಸುವವರೇ ಹೆಚ್ಚು. ಆದರೆ ಕೀಲಿನಲ್ಲಿ ನೀರು ತುಂಬಿದಾಗ ಆ ಅಂಚೇ ಕೈಗೆ ಸರಿಯಾಗಿ ಸಿಗದು.

ಇಂಥ ದೋಷವನ್ನು ಅಂಕಿಯಲ್ಲಿ ಹಿಡಿಯುವ ಸೂತ್ರವನ್ನು ಸ್ವೀಡನ್ನಿನ ಗುನ್ನಾರ್ ಡಾಲ್‌ಬರ್ಗ್ 1940ರಲ್ಲಿ ಕೊಟ್ಟ. ಒಬ್ಬೊಬ್ಬರನ್ನೂ ಎರಡೆರಡು ಸಲ ಅಳೆದು, ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ಜನಸಂಖ್ಯೆಯ ಎರಡರಷ್ಟರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ತರಗತಿಯಲ್ಲಿ ಒಂದು ಟೇಪು ಇದ್ದರೆ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಉತ್ತರ 0.5 ಸೆಂ.ಮೀ. ಬಂತೆನ್ನಿ. ಎರಡು ಅಳತೆಗಳ ವ್ಯತ್ಯಾಸದ ದೋಷ ಅದರ √2ರಷ್ಟು, ಅಂದರೆ 0.7, ಶೇಕಡ 95ರ ಭರವಸೆ ಬೇಕಾದರೆ ಸುಮಾರು 1.4 ಸೆಂ.ಮೀ. ಮೇಲಿನ 1.3 ಸೆಂ.ಮೀ. ಇಳಿಕೆ ಈ ಮಿತಿಯೊಳಗೇ ಅಡಗಿಹೋಗುತ್ತದೆ.

ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಖಾನಾಪುರದ ರೈತನೊಬ್ಬ ಊರಿಗೆ ಮರಳಿ ಅಲ್ಲಿಯೇ ತೊಡೆ ಅಳೆಸಿಕೊಂಡರೆ ಕೈಯೂ ಬೇರೆ, ಟೇಪೂ ಬೇರೆ. ದೋಷ ಇನ್ನೂ ಹಿಗ್ಗುತ್ತದೆ. ಆ ಅಂಕಿಯನ್ನೇ ನಂಬಿ ಆತ ಭತ್ತದ ಕೆಸರುಗದ್ದೆಗೆ ಇಳಿದರೆ ಕಷ್ಟ. ಗುರುತಿನ ದೂರವನ್ನು ಚೀಟಿಯಲ್ಲಿ ಬರೆದು ಕಳುಹಿಸಿದರೆ, ಮೂರು ಸಲ ಅಳೆದು ಸರಾಸರಿ ತೆಗೆದರೆ ಸ್ವಲ್ಪ ಅನುಕೂಲ. ಇನ್ನೊಂದು ಕಾಲಿನೊಡನೆ ಹೋಲಿಸುವುದೂ ಉಂಟು, ಆದರೆ ಓಡಾಟ ಕಡಿಮೆಯಾದ ದಿನಗಳಲ್ಲಿ ಅದೂ ಸೊರಗಿರುತ್ತದೆ. ಮಂಡಿಯನ್ನು ನೇರ ಮಾಡುವ ಬಲವನ್ನು ಡೈನಮೋಮೀಟರಿನಿಂದ ಬೇರೆಯಾಗಿಯೇ ಅಳೆಯಬೇಕಾಗುತ್ತದೆ.