ಒದೆಯುವ ಹ್ಯಾಂಡಲ್: ಅಪ್ಪನ ಜೀಪು ಮತ್ತು ಟೈಮಿಂಗಿನ ಇತಿಹಾಸ

ಈ ವಾರ ಗೋವಿನಜೋಳದ ಸುದ್ದಿ ಇಲ್ರಿ. ಮಳೆ ಹಿಡಿದು ಮೂರು ದಿನ ಹೊಲಕ್ಕೆ ಕಾಲಿಡಲು ಆಗಲಿಲ್ಲ. ಹಂಗಾಗಿ ದನದ ಮನಿ ಪಕ್ಕ ನಿಂತಿರೋ ಅಪ್ಪನ ಪೆಟ್ರೋಲ್ ಜೀಪಿನ ಬಾನೆಟ್ ಎತ್ತಿದೆ. ತಡಸ ಕ್ರಾಸಿನಿಂದ ಮುಂಡಗೋಡ ಕಡೆ ಹೊರಟರೆ ಏರಿನಲ್ಲಿ ಎಂಜಿನ್ ಕಟಕಟ ಬಡಿಯುತ್ತಿತ್ತು. ಒಮ್ಮೊಮ್ಮೆ ಹ್ಯಾಂಡಲ್ ಹೊಡೆದರೆ ಉಲ್ಟಾ ಒದೆಯುತ್ತಿತ್ತು. "ಎಲ್ಲಾ ಎಥೆನಾಲ್ ಪೆಟ್ರೋಲಿನ ಆಟ, ಗುಜರಿಗೆ ಹಾಕು" ಅಂತ ಊರಾಗ ಎಲ್ಲರದೂ ಒಂದೇ ಮಾತು.

ಆ ಒದೆತ ನಮ್ಮ ಮನೆಗೆ ಹೊಸದಲ್ಲ. 1991ರ ಚಳಿಗಾಲದ ಒಂದು ಮುಂಜಾನೆ, ನಮ್ಮ ಜೀಪು ಓಡಿಸುತ್ತಿದ್ದ ಕಾಕಾ ಹ್ಯಾಂಡಲ್ ಹೊಡೆಯುವಾಗ ಅದು ಒದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. "ಹೆಬ್ಬೆರಳು ಸುತ್ತಿ ಹಿಡದಾನ, ತಪ್ಪು ಅವಂದ" ಅಂದುಬಿಟ್ಟ ಅಪ್ಪ. ದವಾಖಾನಿ ಖರ್ಚು ಕೊಡಲಿಲ್ಲ. ಕಾಕಾ ಕೆಲಸ ಬಿಟ್ಟರು. ನಾನಾಗ ಸಣ್ಣವ, ಅಪ್ಪ ಹೇಳಿದ್ದೇ ಖರೆ ಅಂದ್ಕೊಂಡಿದ್ದೆ.

ಮೊದಲು ಈ ಟೈಮಿಂಗ್ ಅಂದ್ರ ಏನು, ನೋಡೋಣ. ಸಿಲಿಂಡರಿನಲ್ಲಿ ಕಿಡಿ ಬಿದ್ದ ಕೂಡಲೇ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಒಂದೆರಡು ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 1000 ಸುತ್ತು ತಿರುಗುವ ಎಂಜಿನ್ ಒಂದು ಮಿಲಿಸೆಕೆಂಡಿನಲ್ಲಿ 6 ಡಿಗ್ರಿ ಸಾಗುತ್ತದೆ. 3000 ಸುತ್ತಿಗೆ 18 ಡಿಗ್ರಿ. ಆದ್ದರಿಂದ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಬೀಳಬೇಕು, ಸ್ಪೀಡ್ ಹೆಚ್ಚಾದಷ್ಟೂ ಇನ್ನೂ ಮೊದಲೇ ಬೀಳಬೇಕು. ಆದ್ರ ಕೈಯಿಂದ ನಿಧಾನ ತಿರುಗಿಸುವಾಗ ಅಷ್ಟು ಮೊದಲೇ ಬಿದ್ದರೆ? ಮೇಲೆ ಬರುತ್ತಿರುವ ಪಿಸ್ಟನ್ನನ್ನು ಬೆಂಕಿ ಕೆಳಕ್ಕೆ ತಳ್ಳುತ್ತದೆ. ಹ್ಯಾಂಡಲ್ ಒದೆಯೋದು ಅದಕ್ಕ.

ಈ ಸಮಸ್ಯೆ ಕಾರಿನಷ್ಟೇ ಹಳೆಯದು. ಜರ್ಮನಿಯ ಬಾಶ್ 1897ರಲ್ಲಿ ವಾಹನಕ್ಕೆ ಮ್ಯಾಗ್ನೆಟೋ ಕೂರಿಸಿದ. 1902ರಲ್ಲಿ ಅವನ ಕಾರ್ಖಾನೆಯ ಹೊನೋಲ್ಡ್ ಹೈ-ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ ಜೋಡಿ ಕೊಟ್ಟ. ಆದ್ರ ಕಿಡಿಯ ಸಮಯ ಬದಲಿಸೋದು ಡ್ರೈವರನ ಕೆಲಸವೇ ಆಗಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟಿಯರಿಂಗಿನ ಎಡಕ್ಕೆ ಅದಕ್ಕೇ ಒಂದು ಕಡ್ಡಿ. ಹ್ಯಾಂಡಲ್ ಹೊಡೆಯುವ ಮುಂಚೆ ಅದನ್ನು ರಿಟಾರ್ಡಿಗೆ ಸರಿಸೋದು ಮರೆತರೆ ಕೈ ಹೋಯಿತು ಅಂತಲೇ ಲೆಕ್ಕ. 1910ರ ಸುಮಾರಿಗೆ ಅಮೆರಿಕದ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಬ್ಯಾಟರಿ-ಕಾಯಿಲ್ ಇಗ್ನಿಷನ್ ಮಾಡಿಕೊಟ್ಟ. 1912ರ ಕ್ಯಾಡಿಲಾಕಿಗೆ ಅವನದೇ ಸೆಲ್ಫ್ ಸ್ಟಾರ್ಟರ್. ಮುಂದೆ ಆ ಕಡ್ಡಿಯ ಕೆಲಸವನ್ನು ಡಿಸ್ಟ್ರಿಬ್ಯೂಟರಿನ ಹೊಟ್ಟೆಯೊಳಗಿನ ಎರಡು ಸಣ್ಣ ತೂಕಗಳಿಗೆ ಒಪ್ಪಿಸಿದರು. ಎಂಜಿನ್ ಜೋರಾದಾಗ ತೂಕ ಹೊರಗೆ ಹರಡಿ ಕಿಡಿ ಮುಂಚೆ ಬೀಳುವಂತೆ ಮಾಡುತ್ತವೆ. ನಿಧಾನವಾದಾಗ ಸ್ಪ್ರಿಂಗ್ ಅವನ್ನು ಹಿಂದಕ್ಕೆ ಎಳೆಯುತ್ತದೆ.

ನಮ್ಮ ದೇಶಕ್ಕೆ ಈ ವಿದ್ಯೆ ಜೀಪಿನ ಜೊತೆಗೂ ಬಂತು. ಮುಂಬೈಯಲ್ಲಿ ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದರು. 1951ರಲ್ಲಿ ಹುಟ್ಟಿದ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ಮಾಡತೊಡಗಿತು. ನಮ್ಮದು ಆ ವಂಶದ 2199 ಸಿಸಿ ಹರಿಕೇನ್ ಎಂಜಿನ್. ಕಿಡಿಯ ಸರದಿ 1-3-4-2, ಪಾಯಿಂಟ್ ಗ್ಯಾಪ್ ಸುಮಾರು ಅರ್ಧ ಮಿಲಿಮೀಟರ್, ಟೈಮಿಂಗ್ ಪಿಸ್ಟನ್ ಮೇಲೆ ಮುಟ್ಟುವ 5 ಡಿಗ್ರಿ ಮೊದಲು.

ಇನ್ನು ನಮ್ಮ ಜೀಪಿಗೆ ಬರೋಣ. ಡಿಸ್ಟ್ರಿಬ್ಯೂಟರ್ ಬುಡದಲ್ಲಿ ಉಳಿಯಿಂದ ಕೊರೆದ ಮೂರು ಗೀಟು ಕಂಡವು. ಬಡಿಯುತ್ತದೆ ಅಂತ ಒಬ್ಬ ಮಿಸ್ತ್ರಿ ರಿಟಾರ್ಡ್ ಮಾಡಿದ್ದಾನೆ. ಎಳೆಯುವುದಿಲ್ಲ, ಕಾಯುತ್ತದೆ ಅಂತ ಇನ್ನೊಬ್ಬ ಅಡ್ವಾನ್ಸ್ ಮಾಡಿದ್ದಾನೆ. ಮೂರನೆಯವ ಎರಡರ ನಡುವೆ ನಿಲ್ಲಿಸಿದ್ದಾನೆ. ನಾನೂ ಮೊದಲು ಅದನ್ನೇ ಮಾಡಲು ಸ್ಪ್ಯಾನರ್ ತಗೊಂಡೆ, ಆಮೇಲೆ ತಡೆದೆ. ಒಮ್ಮೆ ಒದ್ದು ಒಮ್ಮೆ ಒದೆಯದಿದ್ದರೆ, ಗಟ್ಟಿ ಬಿಗಿದ ಬಾಡಿ ಹೇಗೆ ಕಾರಣವಾದೀತು?

ಕ್ಯಾಪ್ ತೆಗೆದು ರೋಟರನ್ನು ಬೆರಳಲ್ಲಿ ಅದು ತಿರುಗುವ ದಿಕ್ಕಿಗೆ ಒತ್ತಿ ಬಿಟ್ಟೆ. ಸ್ಪ್ರಿಂಗಿನ ಬಲಕ್ಕೆ ಪಟ್ ಅಂತ ವಾಪಸ್ ಬರಬೇಕು. ಬರಲಿಲ್ಲ! ಒತ್ತಿದಲ್ಲೇ ನಿಂತಿತು. ಒಳಗೆ ಹಳೇ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿ ತೂಕಗಳು ಅಂಟಿದ್ದವು. ಜೋರು ಓಡಿ ಬಂದು ಎಂಜಿನ್ ಆಫ್ ಮಾಡಿದರೂ ಕಿಡಿ ಅಡ್ವಾನ್ಸಿನಲ್ಲೇ ಉಳೀತಿತ್ತು. ಮೂರು ಮಿಸ್ತ್ರಿಗಳೂ ಹೊರಗಿನಿಂದ ತಿರುಗಿಸಿದವರೇ, ಒಳಗ ನೋಡಿದವರಿಲ್ಲ.

ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದು ಹನಿ ಎಣ್ಣೆ ಬಿಟ್ಟೆ. ಮೊದಲು ಪಾಯಿಂಟ್ ಗ್ಯಾಪ್ ಹೊಂದಿಸಿದೆ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗೂ ಮುಂದೆ ಹೋಗುತ್ತದೆ. ಹಂಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ನಂತರ ಒಂದನೇ ಸಿಲಿಂಡರ್ ಕಂಪ್ರೆಷನ್ನಿಗೆ ಬಂದಾಗ ಪುಲ್ಲಿ ಗುರುತನ್ನು 5 ಡಿಗ್ರಿಗೆ ನಿಲ್ಲಿಸಿ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ತಂತಿಗೂ ಬಾಡಿಗೂ ನಡುವೆ ಬಲ್ಬ್ ಕಟ್ಟಿ, ಕೀ ಆನ್ ಮಾಡಿ, ಬಾಡಿಯನ್ನು ರೋಟರಿನ ಎದುರು ದಿಕ್ಕಿಗೆ ಮೆಲ್ಲಗೆ ತಿರುಗಿಸಿದೆ. ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತಿತು. ಅಲ್ಲೇ ಬಿಗಿದೆ.

ಎಥೆನಾಲಿನ ಮಾತಿಗೂ ಉತ್ತರ ಕೊಡಬೇಕು. 20 ಪರ್ಸೆಂಟ್ ಬೆರೆಸಿದ ಪೆಟ್ರೋಲಿಗೆ ಬೆಂಗಳೂರಿನಲ್ಲೇ 2023ರ ಫೆಬ್ರವರಿ 6ರಂದು ಚಾಲನೆ ಕೊಟ್ಟರು. ನಾವು ಬೆಳೆಯುವ ಗೋವಿನಜೋಳದಿಂದಲೂ ಎಥೆನಾಲ್ ಮಾಡ್ತಾರ. ಅದು ಹಳೇ ರಬ್ಬರ್ ಪೈಪ್ ತಿನ್ನುತ್ತದೆ, ನಿಜ, ನಾನೂ ಬದಲಿಸಿದೆ. ಆದ್ರ ಎಥೆನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು, ಅದು ಬಡಿತ ತಡೆಯುವ ಕಡೆಯದು. ಅಂಟಿದ ತೂಕದ ತಪ್ಪನ್ನ ಅದರ ತಲೆಗೆ ಕಟ್ಟಬ್ಯಾಡ್ರಿ.

ಸಂಜೆ ಕಾಕಾನ ಮನಿಗೆ ಹೋದೆ. ಮಣಿಕಟ್ಟು ಇನ್ನೂ ಸೊಟ್ಟಗೇ ಐತಿ. ಅವತ್ತೂ ಇದೇ ಆಗಿರಬೇಕು ಅಂತ ಎಲ್ಲಾ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅದಕ್ಕೂ ಎಂಟು ದಿನ ಮೊದಲ ನಿಮ್ಮಪ್ಪಗ ಹೇಳಿದ್ದೆ ತಮ್ಮಾ, ಏರಿನ್ಯಾಗ ಬಡೀತೈತಿ, ತೋರ್ಸೂಣು ಅಂತ. ಹತ್ತಿ ಹುಬ್ಬಳ್ಳಿಗೆ ಮುಟ್ಟಿದ ಮ್ಯಾಲೆ ನೋಡೂಣು ಅಂದ."

ಮರುದಿನ ಬಂದು ಜೀಪಿನ ಮುಂದೆ ನಿಂತರು. ನಾನು ಬ್ಯಾಡ ಅಂದರೂ ಕೇಳದೆ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಎಡಗೈಲಿ ಹ್ಯಾಂಡಲ್ ಹಿಡಿದು ಒಮ್ಮೆ ಮೇಲಕ್ಕೆ ಎಳೆದರು. ಎಂಜಿನ್ ಹತ್ತಿತು. "ಹಿಂಗ ಹಿಡಿಯೋದು ನನಗ ಅವತ್ತೂ ಗೊತ್ತಿತ್ತು" ಅಂದರು, ಅಷ್ಟೇ.

ಜೀಪು ಮಾರೋದಿಲ್ಲ. ಆ ದವಾಖಾನಿ ಖರ್ಚು ಮಾತ್ರ ಇನ್ನೂ ಬಾಕಿ ಐತಿ. ಗೋವಿನಜೋಳ ಮಾರಿದ ಕೂಡಲೇ ಮೊದಲು ಅದನ್ನು ಮುಟ್ಟಿಸ್ತೀನಿ. ನಿಮ್ಮಲ್ಲೂ ಹಳೇ ಪೆಟ್ರೋಲ್ ಗಾಡಿ ಇದ್ದರೆ, ಡಿಸ್ಟ್ರಿಬ್ಯೂಟರ್ ತಿರುಗಿಸುವ ಮುಂಚೆ ರೋಟರ್ ಒತ್ತಿ ಬಿಟ್ಟು ನೋಡ್ರಿ. ವಾಪಸ್ ಬಂತೋ ಇಲ್ಲೋ ಬರೀರಿ.