ಹೊಟ್ಟೆ ಹುಣ್ಣಿನಿಂದ ರಕ್ತದ ಕೊರತೆಯವರೆಗೆ: ಒಂದು ಬ್ಯಾಕ್ಟೀರಿಯಾದ ಚರಿತ್ರೆ

ಸೇಡಂ ತಾಲ್ಲೂಕಿನ ಆಡಕಿ ಕಡೆ ಹೊಟ್ಟೆ ಉರಿ ಎಂದರೆ ಮೊದಲ ಆರೋಪಿ ಖಾರ, ಎರಡನೆಯದು ಚಿಂತೆ. ನಮ್ಮ ಹಿರಿಯರನ್ನು ನಗಬೇಕಿಲ್ಲ. 1980ರ ಸುಮಾರಿನವರೆಗೆ ಜಗತ್ತಿನ ದೊಡ್ಡ ಆಸ್ಪತ್ರೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದವು. ಹುಣ್ಣಾದರೆ ಸಪ್ಪೆ ಊಟ, ಮಾತ್ರೆ, ಕೊನೆಗೆ ಆಪರೇಷನ್.

ಈ ಚರಿತ್ರೆಯಲ್ಲಿ ಕರ್ನಾಟಕದ್ದೂ ಒಂದು ಪುಟವಿದೆ. 1950-60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಸರ್ಜನ್ ಇದ್ದರು. ಅನ್ನ ಉಣ್ಣುವ ದಕ್ಷಿಣದಲ್ಲಿ ಸಣ್ಣ ಕರುಳಿನ ಹುಣ್ಣು ಹೆಚ್ಚು, ಗೋಧಿ ತಿನ್ನುವ ಉತ್ತರದಲ್ಲಿ ಕಡಿಮೆ ಎಂಬುದು ಅವರನ್ನು ಕಾಡಿತು. ಕಾರಣ ಊಟದಲ್ಲಿದೆ ಎಂದು ಅವರು ದಶಕಗಳ ಕಾಲ ಬರೆದರು. (ನಮ್ಮ ಜೋಳದ ರೊಟ್ಟಿಗೆ ಪ್ರಮಾಣಪತ್ರ ಸಿಕ್ಕಿತು ಎಂದು ಯಾರೂ ಹಿಗ್ಗಬೇಡಿ.)

ಅಷ್ಟರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕಥೆ ತಿರುಗಿತು. ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ರೋಗಿಗಳ ಜಠರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯಾ ಬೆಳೆಸಲು ನೋಡುತ್ತಿದ್ದರು, ಬೆಳೆಯುತ್ತಿರಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎರಡು ದಿನದ ಬದಲು ಹೆಚ್ಚು ದಿನ ಉಳಿದವು, ಬೆಳೆಯಿತು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದರ ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ. ಯೂರಿಯಾ ಒಡೆದು ಅಮೋನಿಯಾ ಮಾಡಿ, ಸುತ್ತಲಿನ ಆಮ್ಲ ತಣಿಸಿಕೊಂಡು ಬದುಕುತ್ತದೆ. ಹೆಚ್ಚಾಗಿ ಬಾಲ್ಯದಲ್ಲೇ, ಮನೆಯವರಿಂದಲೇ ಅಂಟುತ್ತದೆ. ಆದರೂ ಟೋವಿ ಸುಮ್ಮನಾಗಲಿಲ್ಲ: ಬ್ಯಾಕ್ಟೀರಿಯಾ ಉತ್ತರದಲ್ಲೂ ದಕ್ಷಿಣದಲ್ಲೂ ಇದೆ, ಹುಣ್ಣು ಮಾತ್ರ ಏಕೆ ಬೇರೆ ಎಂದು ಕೇಳುತ್ತಲೇ ಇದ್ದರು. ಒಳ್ಳೆಯ ಪ್ರಶ್ನೆ.

ಆಮೇಲೆ ವೈದ್ಯರ ಕಣ್ಣು ಹೊಟ್ಟೆಯಿಂದಾಚೆ ಹೋಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಲಂಡನ್ನಿನಿಂದ ಹೃದ್ರೋಗಕ್ಕೂ ಇದೇ ಕಾರಣವಿರಬಹುದು ಎಂಬ ಸುದ್ದಿ ಬಂತು. ಮುಂದಿನ ಅಧ್ಯಯನಗಳಲ್ಲಿ ಅದು ಗಟ್ಟಿಯಾಗಲಿಲ್ಲ. 1998ರಲ್ಲಿ ಇಟಲಿಯ ವೈದ್ಯರು, ಪ್ಲೇಟ್‌ಲೆಟ್ ಕಡಿಮೆಯಾಗುವ ಒಂದು ಕಾಯಿಲೆಯಲ್ಲಿ ಈ ಸೋಂಕು ತೆಗೆದರೆ ಕೆಲವರಿಗೆ ಗುಣವಾಗುತ್ತದೆ ಎಂದರು. ಅದು ನಿಂತಿತು.

ನಮಗೆ ಹತ್ತಿರದ್ದು ಕಬ್ಬಿಣಾಂಶದ ಮಾತು. ಊಟದ ಕಬ್ಬಿಣ ರಕ್ತಕ್ಕೆ ಸೇರಲು ಜಠರದ ಹುಳಿ ಬೇಕು. ಸೋಂಕು ವರ್ಷಗಟ್ಟಲೆ ಉಳಿದರೆ ಕೆಲವರಲ್ಲಿ ಆ ಹುಳಿ ತಗ್ಗುತ್ತದೆ, ಹುಣ್ಣಿದ್ದರೆ ಸ್ವಲ್ಪಸ್ವಲ್ಪವೇ ರಕ್ತವೂ ಹೋಗುತ್ತದೆ. ಬಿ12 ಕೂಡ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಾಗಾಗಿಯೇ ಕಾರಣ ತಿಳಿಯದ ಕಬ್ಬಿಣದ ಕೊರತೆಗೆ ಈ ಸೋಂಕನ್ನು ನೋಡಿ ಎಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 57% ಮಹಿಳೆಯರಿಗೆ ರಕ್ತಹೀನತೆ. ಊಟ, ಮುಟ್ಟು, ಜಂತುಹುಳ ಇವೇ ಮುಖ್ಯ ಕಾರಣಗಳು, ನಿಜ. ಆದರೆ ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ ತಿಂಗಳುಗಟ್ಟಲೆ ನುಂಗಿಯೂ ರಕ್ತ ಏರದ ಹೆಣ್ಣುಮಗಳಿಗೆ 'ನೀ ಮಾತ್ರಿ ತೊಗೊಂಡೇ ಇಲ್ಲ' ಎಂದು ಬೈಯುವ ಮೊದಲು ಹೊಟ್ಟೆಯ ಬಗ್ಗೆ ಕೇಳಬಹುದಲ್ಲ?

ಮಲದ ಇಲ್ಲವೇ ಉಸಿರಿನ ಪರೀಕ್ಷೆಯಿಂದ ಸೋಂಕು ಗೊತ್ತಾಗುತ್ತದೆ. ಮೆಡಿಕಲ್ ಅಂಗಡಿಯ ಗ್ಯಾಸ್ ಮಾತ್ರೆ ಉರಿಯನ್ನು ಅಡಗಿಸುತ್ತದೆ, ಸೋಂಕನ್ನಲ್ಲ; ಮೇಲಾಗಿ ಪರೀಕ್ಷೆಯಲ್ಲಿ ಸೋಂಕು ಕಾಣದಂತೆಯೂ ಮಾಡಬಲ್ಲದು. ಅದಕ್ಕೇ ಎರಡು ವಾರ ಮೊದಲು, ವೈದ್ಯರನ್ನು ಕೇಳಿಕೊಂಡು, ಅದನ್ನು ನಿಲ್ಲಿಸಿರಬೇಕು.