ಒಂದು ಸ್ವಿಚ್ಚು, ಹನ್ನೆರಡು ವರ್ಷ: ವಾಹನ ದೋಷದ ತನಿಖೆಯ ಕಥೆ

ರಸ್ತೆ ಅಪಘಾತದ ಸುದ್ದಿ ಓದಿದೊಡನೆ ನಮ್ಮಲ್ಲಿ ಏಳುವ ಮೊದಲ ಪ್ರಶ್ನೆ, ತಪ್ಪು ಯಾವ ಚಾಲಕನದು ಎಂಬುದು. ವೇಗ ಮಿತಿ ಮೀರಿತ್ತೆ? ಚಾಲಕ ತೂಕಡಿಸಿದನೆ? ತಪ್ಪು ವಾಹನದ್ದೇ ಆಗಿರಬಹುದು ಎಂಬ ಆಲೋಚನೆ ಬರುವುದು ತಡವಾಗಿ. ಅಮೆರಿಕದಲ್ಲಿಯೂ 1960ರ ದಶಕದವರೆಗೆ ಪರಿಸ್ಥಿತಿ ಹೀಗೆಯೇ ಇತ್ತು.

1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಪುಸ್ತಕ ಪ್ರಕಟಿಸಿ, ಕಾರುಗಳ ವಿನ್ಯಾಸದಲ್ಲಿಯೇ ಅಪಾಯ ಅಡಗಿದೆ ಎಂದು ವಾದಿಸಿದರು. ಮರುವರ್ಷವೇ, 1966ರ ಸೆಪ್ಟೆಂಬರ್ 9ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾಯಿದೆಗೆ ಸಹಿ ಹಾಕಿದರು. ಅದನ್ನು ಜಾರಿಗೆ ತಂದ ಸಂಸ್ಥೆಯ ಮೊದಲ ಮುಖ್ಯಸ್ಥರು ವಿಲಿಯಂ ಹ್ಯಾಡನ್. ಅವರು ವೃತ್ತಿಯಿಂದ ವೈದ್ಯರು. ಆದರೆ ಅವರ ದೃಷ್ಟಿ ಭೌತವಿಜ್ಞಾನಿಯದು. ದೇಹ ತಾಳಲಾರದಷ್ಟು ಶಕ್ತಿ ಅದಕ್ಕೆ ವರ್ಗವಾಗುವುದೇ ಗಾಯ ಎಂದು ಅವರು ವಿವರಿಸಿದರು. ಆ ಶಕ್ತಿಯನ್ನು ಬೇರೆ ದಾರಿಗೆ ಹರಿಸುವಂತೆ ವಾಹನವನ್ನು ರೂಪಿಸಬೇಕು ಎಂಬ ವಿಚಾರ ಇದರಿಂದ ಬಲಗೊಂಡಿತು. 1970ರಲ್ಲಿ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಇಂದಿನ ರೂಪ ಪಡೆಯಿತು. ದೋಷವನ್ನು ತಯಾರಕರೇ ಉಚಿತವಾಗಿ ಸರಿಪಡಿಸಿಕೊಡಬೇಕು ಎಂಬ ನಿಯಮ 1974ರಲ್ಲಿ ಬಂದಿತು.

ತನಿಖೆ ನಡೆಯುವ ಕ್ರಮ

ಮಾಲೀಕರ ದೂರುಗಳನ್ನು ಮೊದಲು ಜರಡಿ ಹಿಡಿಯುತ್ತಾರೆ. ಒಂದೇ ಬಗೆಯ ದೂರು ಮತ್ತೆ ಮತ್ತೆ ಕಂಡರೆ ಪ್ರಾಥಮಿಕ ಪರಿಶೀಲನೆ, ಅನಂತರ ಎಂಜಿನಿಯರಿಂಗ್ ವಿಶ್ಲೇಷಣೆ. ದೋಷ ಖಚಿತವಾದರೆ ವಾಹನಗಳನ್ನು ಹಿಂದಕ್ಕೆ ಕರೆಸಿ ದುರಸ್ತಿ ಮಾಡುವ 'ರೀಕಾಲ್'. 2000ದಲ್ಲಿ ಫೈರ್‌ಸ್ಟೋನ್ ಟೈರುಗಳ ಪದರ ಕಳಚಿ ಅನೇಕರು ಸತ್ತ ಪ್ರಕರಣದ ನಂತರ, ಸಾವುನೋವಿನ ವರದಿಗಳನ್ನು ತಯಾರಕರು ಸರ್ಕಾರಕ್ಕೆ ನಿಯತವಾಗಿ ಕೊಡಬೇಕೆಂಬ ಕಾನೂನೂ ಆಯಿತು. ಇಷ್ಟೆಲ್ಲ ಮಾಹಿತಿ ಕೈಯಲ್ಲಿದ್ದರೆ ದೋಷ ತಪ್ಪಿಸಿಕೊಳ್ಳುವುದು ಹೇಗೆ ಎಂದು ನೀವು ಕೇಳಬಹುದು. ಜನರಲ್ ಮೋಟಾರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ಚಿನ ಪ್ರಕರಣ ಅದಕ್ಕೆ ಉತ್ತರ.

ಕೀಲಿಕೈಗೆ ಎಷ್ಟು ಟಾರ್ಕ್ ಬೇಕು?

ಕಾರಿನ ಕೀಲಿಕೈಯನ್ನು ತಿರುಗಿಸಿದಾಗ ಅದು 'ಟಕ್' ಎಂದು ಒಂದು ಸ್ಥಾನದಲ್ಲಿ ನಿಲ್ಲುವುದನ್ನು ಗಮನಿಸಿದ್ದೀರಿ. ಒಳಗಿನ ಪುಟ್ಟ ಪ್ಲಂಜರ್ ಒಂದನ್ನು ಸ್ಪ್ರಿಂಗ್ ಒತ್ತಿ ಕಚ್ಚಿನಲ್ಲಿ ಕೂರಿಸುವುದೇ ಇದಕ್ಕೆ ಕಾರಣ. ಅದನ್ನು ಕಚ್ಚಿನಿಂದ ಎಬ್ಬಿಸಲು ಬೇಕಾದ ತಿರುಗುಬಲವೇ ಟಾರ್ಕ್. ಈ ಸ್ವಿಚ್ಚಿಗೆ ಕಂಪನಿ ನಿಗದಿ ಮಾಡಿದ್ದ ಟಾರ್ಕ್ 20 ನ್ಯೂಟನ್-ಸೆಂಟಿಮೀಟರ್, 5ರಷ್ಟು ಹೆಚ್ಚುಕಡಿಮೆಯಾಗಬಹುದು. ಅಂದರೆ ಕನಿಷ್ಠ 15. ಪೂರೈಕೆದಾರರು ತಯಾರಿಸಿದ ಸ್ವಿಚ್ಚು ಆ ಮಟ್ಟ ಮುಟ್ಟಲಿಲ್ಲ. ಆದರೂ 2002ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ಇದರ ಪರಿಣಾಮವನ್ನು ತರಗತಿಯಲ್ಲೇ ಲೆಕ್ಕ ಹಾಕಬಹುದು. ಕೀಲಿಗೊಂಚಲಿನ ರಾಶಿ 200 ಗ್ರಾಂ ಎಂದುಕೊಳ್ಳಿ. ಅದರ ತೂಕ ಸುಮಾರು 2 ನ್ಯೂಟನ್. ಕೀಲಿಯ ತಲೆಯಲ್ಲಿರುವುದು ದುಂಡು ತೂತಲ್ಲ, ಉದ್ದನೆಯ ಸೀಳು. ಬಳೆ ಅದರ ತುದಿಗೆ ಸರಿದು, ತಿರುಗುವ ಅಕ್ಷದಿಂದ 1.5 ಸೆಂಟಿಮೀಟರ್ ದೂರದಲ್ಲಿ ತೂಗುತ್ತದೆ ಎನ್ನೋಣ. ಟಾರ್ಕ್ 3 ನ್ಯೂಟನ್-ಸೆಂಟಿಮೀಟರ್ ಆಯಿತು. ಇದು ಏನೂ ಅಲ್ಲ. ಆದರೆ ಚಕ್ರ ಹಳ್ಳಕ್ಕೆ ಬಿದ್ದು ಗೊಂಚಲು ಜಗ್ಗಿದಾಗ ಬಲ ಕ್ಷಣಕಾಲ ನಾಲ್ಕು ಪಟ್ಟಾದರೆ? ಆಗ 12. ನಿಯಮದಂತೆ ತಯಾರಾದ ಸ್ವಿಚ್ಚು ಇದನ್ನು ತಡೆಯುತ್ತದೆ. 10ಕ್ಕೇ ಸೋಲುವ ಸ್ವಿಚ್ಚಿನಲ್ಲಿ ಕೀಲಿ 'ರನ್' ಸ್ಥಾನದಿಂದ 'ಆಕ್ಸೆಸರಿ' ಸ್ಥಾನಕ್ಕೆ ಜಾರುತ್ತದೆ. ಚಾಲಕನ ಮೊಣಕಾಲು ತಾಗಿದರೂ ಸಾಕು.

ಕೀಲಿ ಜಾರಿದರೆ ಎಂಜಿನ್ ನಿಲ್ಲುತ್ತದೆ. ಸ್ಟಿಯರಿಂಗಿಗೂ ಬ್ರೇಕಿಗೂ ದೊರೆಯುತ್ತಿದ್ದ ನೆರವು ತಪ್ಪುತ್ತದೆ. ಅದಕ್ಕಿಂತ ಘೋರವಾದುದು ಇನ್ನೊಂದಿದೆ. ನಿಲ್ಲಿಸಿಟ್ಟ ಕಾರಿನಲ್ಲಿ ಏರ್‌ಬ್ಯಾಗ್ ಸುಮ್ಮನೆ ಸಿಡಿಯಬಾರದೆಂದು, ಕೀಲಿ 'ರನ್' ಸ್ಥಾನದಲ್ಲಿ ಇಲ್ಲದಿರುವಾಗ ಅದು ಕೆಲಸ ಮಾಡದಂತೆ ವ್ಯವಸ್ಥೆ ಮಾಡಲಾಗಿತ್ತು. ಹೀಗಾಗಿ ಓಡುತ್ತಿರುವ ಕಾರು ಮರಕ್ಕೆ ಗುದ್ದುವ ಹೊತ್ತಿಗೆ ಏರ್‌ಬ್ಯಾಗ್ ನಿದ್ದೆಯಲ್ಲಿರುತ್ತಿತ್ತು.

ಕಂಡೂ ಕಾಣದ ಸುಳಿವುಗಳು

ಷೆವ್ರೊಲೆ ಕೋಬಾಲ್ಟ್ ಕಾರು ಮಾರುಕಟ್ಟೆಗೆ ಬಂದ 2004ರಲ್ಲೇ ಎಂಜಿನ್ ನಿಂತುಹೋಗುವ ದೂರು ಕಂಪನಿಗೆ ತಿಳಿದಿತ್ತು. ಆದರೆ ಅದನ್ನು ಸುರಕ್ಷತೆಯ ವಿಷಯವೆಂದು ಗಣಿಸದೆ 'ಗ್ರಾಹಕರ ಅನುಕೂಲ'ದ ವಿಷಯ ಎಂದು ವರ್ಗೀಕರಿಸಲಾಯಿತು. ಕೀಲಿಗೊಂಚಲಿನ ಭಾರ ಕಡಿಮೆ ಮಾಡಿಕೊಳ್ಳುವಂತೆ ಗ್ರಾಹಕರಿಗೆ ತಿಳಿಸಿ ಎಂದು 2005ರಲ್ಲಿ ಡೀಲರುಗಳಿಗೆ ಸೂಚನೆ ಹೋಯಿತು. 2006ರಲ್ಲಿ ಪ್ಲಂಜರನ್ನು ಉದ್ದ ಮಾಡಿ ಸ್ವಿಚ್ಚನ್ನು ಬಲಪಡಿಸಲಾಯಿತು. ಆದರೆ ಬಿಡಿಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ! ಹಳೆಯದಕ್ಕೂ ಹೊಸದಕ್ಕೂ ಒಂದೇ ಸಂಖ್ಯೆ. ಮುಂದಿನ ಮಾದರಿಗಳಲ್ಲಿ ಈ ತೊಂದರೆ ಏಕೆ ಕಾಣುತ್ತಿಲ್ಲ ಎಂದು ಕಂಪನಿಯ ತನಿಖೆಗಾರರೇ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು.

ಇತ್ತ ಸರ್ಕಾರದ ಸಂಸ್ಥೆಯಲ್ಲಿ 2007ರ ಸೆಪ್ಟೆಂಬರಿನಲ್ಲಿ ಒಬ್ಬ ಅಧಿಕಾರಿ, ಈ ಕಾರುಗಳ ಏರ್‌ಬ್ಯಾಗ್ ತೆರೆಯದಿರುವ ಬಗ್ಗೆ ತನಿಖೆ ಆರಂಭಿಸಬೇಕೆಂದು ಸೂಚಿಸಿದರು. 29 ದೂರುಗಳು ಮತ್ತು ಸಾವು ಸಂಭವಿಸಿದ್ದ 4 ಅಪಘಾತಗಳು ಅವರಿಗೆ ಆಧಾರವಾಗಿದ್ದವು. ಇತರ ಕಾರುಗಳೊಂದಿಗೆ ಹೋಲಿಸಿ ನೋಡಿದ ಸಮಿತಿಗೆ ಎದ್ದು ಕಾಣುವ ಪ್ರವೃತ್ತಿ ಯಾವುದೂ ದೊರೆಯಲಿಲ್ಲ. ತನಿಖೆ ಆರಂಭವಾಗಲಿಲ್ಲ. 2010ರಲ್ಲಿಯೂ ಅದೇ ಆಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮೇರಿಲ್ಯಾಂಡ್ ರಾಜ್ಯದ 2005ರ ಅಪಘಾತವನ್ನು ಸಂಸ್ಥೆಯೇ ಪರೀಕ್ಷಿಸಿತ್ತು. ಕೀಲಿ 'ಆಕ್ಸೆಸರಿ' ಸ್ಥಾನದಲ್ಲಿತ್ತೆಂದು ಕಾರಿನ ದಾಖಲೆ ಹೇಳಿತ್ತು. ವಿಸ್ಕಾನ್ಸಿನ್ ರಾಜ್ಯದ 2006ರ ಅಪಘಾತದಲ್ಲೂ ಹಾಗೆಯೇ. ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬರು ಕೀಲಿ ಜಾರಿದ್ದಕ್ಕೂ ಏರ್‌ಬ್ಯಾಗ್ ತೆರೆಯದಿದ್ದಕ್ಕೂ ಸಂಬಂಧವಿದೆ ಎಂದು 2007ರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ವರದಿ ಸಂಸ್ಥೆಯ ಕಡತದಲ್ಲಿತ್ತು. ಆದರೆ ತನಿಖಾಧಿಕಾರಿಗಳ ಮನಸ್ಸಿನಲ್ಲಿದ್ದ ಏರ್‌ಬ್ಯಾಗಿನ ಚಿತ್ರವೇ ಬೇರೆ. ವಿದ್ಯುತ್ ಕಡಿದರೂ ಧಾರಕದಲ್ಲಿ ಉಳಿದ ಶಕ್ತಿಯಿಂದ ಏರ್‌ಬ್ಯಾಗ್ ಸ್ವಲ್ಪ ಹೊತ್ತು ಸಿದ್ಧವಾಗಿರುತ್ತದೆ ಎಂದು ಅವರು ನಂಬಿದ್ದರು. ವಿದ್ಯುತ್ ಕಡಿಯುವುದು ಒಂದು, ಕೀಲಿಯೇ 'ಆರಿಸು' ಎಂದು ಸಂಕೇತ ಕೊಡುವುದು ಇನ್ನೊಂದು. ಈ ಭೇದವನ್ನು ಗ್ರಹಿಸದಿದ್ದುದರಿಂದ ಕಣ್ಣೆದುರಿನ ಸಾಕ್ಷ್ಯ ಅರ್ಥ ಕಳೆದುಕೊಂಡಿತು. ಎಣಿಕೆ ಮಾಡಿದರು, ಕಾರ್ಯವಿಧಾನವನ್ನು ಕೇಳಲಿಲ್ಲ.

ಕೈಗೆ ಬಂದ ಎರಡು ಸ್ವಿಚ್ಚುಗಳು

ಗುಟ್ಟು ರಟ್ಟಾದುದು ಸರಳವಾದ ಹೋಲಿಕೆಯಿಂದ. ಜಾರ್ಜಿಯಾ ರಾಜ್ಯದಲ್ಲಿ 2010ರಲ್ಲಿ ಸತ್ತ ಯುವತಿಯೊಬ್ಬಳ ತಂದೆತಾಯಿ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಪರವಾದ ಎಂಜಿನಿಯರು ಅಪಘಾತವಾದ ಕಾರಿನ ಸ್ವಿಚ್ಚನ್ನೂ ಅದೇ ಸಂಖ್ಯೆಯ ಹೊಸ ಸ್ವಿಚ್ಚನ್ನೂ ಬಿಚ್ಚಿ ಅಕ್ಕಪಕ್ಕದಲ್ಲಿಟ್ಟು ಅಳೆದರು. ಹಳೆಯ ಪ್ಲಂಜರ್ ಸುಮಾರು 1.6 ಮಿಲಿಮೀಟರ್ ಗಿಡ್ಡ. 2014ರ ಫೆಬ್ರವರಿಯಲ್ಲಿ ರೀಕಾಲ್ ಆರಂಭವಾಗಿ ಸುಮಾರು 26 ಲಕ್ಷ ಕಾರುಗಳಿಗೆ ವಿಸ್ತರಿಸಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ವಿಳಂಬಕ್ಕಾಗಿ ಸಂಸ್ಥೆ ವಿಧಿಸಿದ ದಂಡ 3.5 ಕೋಟಿ ಡಾಲರ್. ಆಗ ಕಾನೂನು ಅನುಮತಿಸಿದ್ದ ಗರಿಷ್ಠ ಮೊತ್ತವೇ ಅಷ್ಟು. 2015ರಲ್ಲಿ ನ್ಯಾಯ ಇಲಾಖೆಯೊಂದಿಗಿನ ಒಪ್ಪಂದದಂತೆ ಕಂಪನಿ 90 ಕೋಟಿ ಡಾಲರ್ ತೆತ್ತಿತು. ಅದೇ ವರ್ಷ ಸರ್ಕಾರದ ಸಂಸ್ಥೆಯೂ ತನ್ನನ್ನೇ ಪರೀಕ್ಷಿಸಿಕೊಂಡು, ಏರ್‌ಬ್ಯಾಗ್ ತಂತ್ರಜ್ಞಾನ ತನಗೆ ಸರಿಯಾಗಿ ಅರ್ಥವಾಗಿರಲಿಲ್ಲವೆಂದು ವರದಿಯಲ್ಲಿ ಒಪ್ಪಿಕೊಂಡಿತು.

ನಮ್ಮ ದೇಶದಲ್ಲಿ ರೀಕಾಲ್ ಬಹುಕಾಲ ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿಯು ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಸಂಬಂಧಿಸಿದ ನಿಯಮಗಳು 2021ರ ಏಪ್ರಿಲಿನಿಂದ ಜಾರಿಗೆ ಬಂದವು. ದೂರುಗಳ ಸಂಖ್ಯೆ ನಿಗದಿತ ಪ್ರಮಾಣ ಮುಟ್ಟಬೇಕೆಂಬುದು ಇಲ್ಲಿಯೂ ಒಂದು ಅಳತೆಗೋಲು. ಅಳತೆಗೋಲು ಬೇಕು, ನಿಜ. ಆದರೆ 29 ದೂರುಗಳನ್ನು ಎಣಿಸಿ ಬದಿಗಿಟ್ಟ ಪ್ರಸಂಗ ನಮ್ಮ ನೆನಪಿನಲ್ಲಿರಬೇಕು.

ಶಿಕ್ಷಕ ಮಿತ್ರರು ಟಾರ್ಕ್ ಪಾಠ ಮಾಡುವಾಗ ಸ್ಪ್ಯಾನರಿನ ಹಳೆಯ ಉದಾಹರಣೆಯ ಜೊತೆಗೆ ಈ ಕೀಲಿಗೊಂಚಲಿನ ಲೆಕ್ಕವನ್ನೂ ಕೊಡಬಹುದು. ಬಲ, ದೂರ ಎರಡನ್ನೂ ಬದಲಿಸುತ್ತ 15ರ ಗಡಿ ಎಲ್ಲಿ ದಾಟುತ್ತದೆಂದು ವಿದ್ಯಾರ್ಥಿಗಳೇ ಕಂಡುಹಿಡಿಯಲಿ. ಪ್ರಯೋಗಶಾಲೆಯಲ್ಲಿ ಮಾದರಿ ಬದಲಾದರೆ ಅದರ ಚೀಟಿಯನ್ನೂ ಬದಲಿಸಿ ಎಂದು ನಾವು ಪದೇ ಪದೇ ಹೇಳುವುದು ಏತಕ್ಕೆ ಎಂಬುದೂ ಅವರಿಗೆ ತಿಳಿಯುತ್ತದೆ.